ದೂರು ಕೊಟ್ಟವರು ಬರೆಸಿದ ಕಾನೂನು

(ದತ್ತಿ ಉಪನ್ಯಾಸದ ಪಠ್ಯ)

2017ರ ಜನವರಿ 23ರಂದು ಕರ್ನಾಟಕ ಹೈಕೋರ್ಟಿನಿಂದ ಒಂದು ಪುಟ್ಟ ಆದೇಶ ಹೊರಬಿತ್ತು. ಅರ್ಜಿದಾರರು ಒಬ್ಬ ತಂದೆ. ಮಗಳ ಮದುವೆಯ ವಿವಾದದಿಂದ ಹುಟ್ಟಿದ ಮೊಕದ್ದಮೆ ಅಷ್ಟು ಹೊತ್ತಿಗೆ ರಾಜಿಯಾಗಿ ಮುಗಿದಿತ್ತು. ಆದರೆ ಅದಕ್ಕೆ ಸಂಬಂಧಿಸಿದ ಹೈಕೋರ್ಟ್ ಆದೇಶದಲ್ಲಿ ಅವಳ ಹೆಸರು ಉಳಿದುಕೊಂಡಿತ್ತು. ಯಾರಾದರೂ ಅಂತರ್ಜಾಲದಲ್ಲಿ ಆ ಹೆಸರು ಹಾಕಿ ಹುಡುಕಿದರೆ ಮುಗಿದ ವ್ಯಾಜ್ಯ ಮತ್ತೆ ಎದ್ದು ಬರುತ್ತಿತ್ತು. ಅದರಿಂದ ಮಗಳ ಸಂಸಾರ ಕೆಡಬಾರದು, ನಾಲ್ಕು ಜನರ ನಡುವೆ ಅವಳ ಮಾನ ಹೋಗಬಾರದು ಎಂಬುದು ತಂದೆಯ ಅಳಲು.

ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅರ್ಜಿಯನ್ನು ಮನ್ನಿಸಿದರು. ಅಂತರ್ಜಾಲದ ಹುಡುಕಾಟದಲ್ಲಿ ಆ ಆದೇಶದ ಮೂಲಕ ಯುವತಿಯ ಹೆಸರು ಸಿಗದಂತೆ ನೋಡಿಕೊಳ್ಳಿ ಎಂದು ರಿಜಿಸ್ಟ್ರಿಗೆ ಸೂಚಿಸಿದರು. ದೃಢೀಕೃತ ಪ್ರತಿ ಬೇಕೆಂದು ಬಂದವರಿಗೆ ಮಾತ್ರ ಹೆಸರು ಇದ್ದಂತೆಯೇ ಸಿಗುತ್ತದೆ ಎಂದೂ ಸ್ಪಷ್ಟಪಡಿಸಿದರು. ಹೆಣ್ಣುಮಕ್ಕಳ ಸೂಕ್ಷ್ಮ ಪ್ರಕರಣಗಳಲ್ಲಿ ಪಾಶ್ಚಾತ್ಯ ದೇಶಗಳು ಪಾಲಿಸುತ್ತಿರುವ ‘ಮರೆಯಲ್ಪಡುವ ಹಕ್ಕಿ’ಗೆ ಇದು ಅನುಗುಣ ಎಂಬುದು ಅವರು ಕೊಟ್ಟ ಕಾರಣ. ಆಗ ಭಾರತದಲ್ಲಿ ಅಂಥ ಹಕ್ಕನ್ನು ಕೊಡುವ ಯಾವ ಶಾಸನವೂ ಇರಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಹೌದೋ ಅಲ್ಲವೋ ಎಂಬ ಪ್ರಶ್ನೆಯೇ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗದೆ ಕುಳಿತಿತ್ತು. ಹಾಗಿದ್ದೂ ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯದ ಒಂದು ತೀರ್ಪಿನಿಂದ ಹೆಸರಾದ ಹಕ್ಕು, ಸಂಸತ್ತಿನ ಅಪ್ಪಣೆಗೆ ಕಾಯದೆ, ಕರ್ನಾಟಕದ ಒಂದು ಮನೆಯ ಸಂಕಟಕ್ಕೆ ಒದಗಿ ಬಂತು.

ತಂತ್ರಜ್ಞಾನ ಓಡುತ್ತದೆ, ಕಾನೂನು ಹಿಂದೆ ಬೀಳುತ್ತದೆ ಎಂಬ ಮಾತು ಎಲ್ಲ ವಿಚಾರ ಸಂಕಿರಣಗಳಲ್ಲೂ ಕೇಳಿಬರುತ್ತದೆ. ಕಳೆದ ಐವತ್ತೈದು ವರ್ಷಗಳ ದಾಖಲೆ ಹೇಳುವುದು ಬೇರೆ. ಸರ್ಕಾರಗಳೂ ಕಂಪನಿಗಳೂ ಹೊಸ ಯಂತ್ರಗಳನ್ನು ತಂದಾಗಲೆಲ್ಲ ಯಾರೋ ಒಬ್ಬರು ಹಳೆಯ ಮಾತನ್ನೇ ಹಿಡಿದು, ಘನತೆ, ಖಾಸಗಿತನ, ಮಾತಿನ ಸ್ವಾತಂತ್ರ್ಯ ಎಂದು ದೂರು ಕೊಟ್ಟಿದ್ದಾರೆ. ಕೇಳಲೇಬೇಕಾದ ಒಂದು ಕಚೇರಿ, ಉತ್ತರಿಸಲೇಬೇಕಾದ ಒಂದು ನ್ಯಾಯಪೀಠ ಇದ್ದ ಕಡೆ ಕಾನೂನು ಬದಲಾಗಿದೆ. ಅಂಥದ್ದು ಇಲ್ಲದ ಕಡೆ ಎಷ್ಟು ದಪ್ಪದ ಕಾಯ್ದೆ ಬರೆದರೂ ಅದು ಗೆಜೆಟ್ಟಿನಲ್ಲಿ ಉಳಿದಿದೆ. ಈ ಉಪನ್ಯಾಸ ಹಿಂಬಾಲಿಸುವುದು ಆ ದೂರುದಾರರನ್ನು.

ಲಕ್ಸೆಂಬರ್ಗಿನ ತೀರ್ಪಿಗೆ ಕಾರಣನಾದವನು ಸ್ಪೇನಿನ ಒಬ್ಬ ನಾಗರಿಕ. ತೀರ್ಪಿನ ದಾಖಲೆಯಲ್ಲಿ ಅವನ ಹೆಸರಿದೆ. ಆದರೆ ಆತ ಕೇಳಿದ್ದೇ ತನ್ನ ಹೆಸರನ್ನು ಆ ಹಳೆಯ ಸಂಗತಿಯಿಂದ ಬಿಡಿಸಿ ಎಂದು, ಆದ್ದರಿಂದ ಇಲ್ಲಿ ಅದನ್ನು ಹೇಳದಿರುವುದು ಸೌಜನ್ಯ. 1998ರಲ್ಲಿ ಬಾರ್ಸಿಲೋನಾದ ‘ಲಾ ವಾಂಗ್ವಾರ್ದಿಯಾ’ ಪತ್ರಿಕೆ ಸರ್ಕಾರದ ಆದೇಶದಂತೆ ಎರಡು ಪ್ರಕಟಣೆ ಹಾಕಿತ್ತು. ಸಾಮಾಜಿಕ ಭದ್ರತೆಯ ಬಾಕಿಗಾಗಿ ಈತನ ಆಸ್ತಿ ಹರಾಜಿಗಿದೆ ಎಂಬುದು ಅದರ ಸಾರ. ಬಾಕಿ ತೀರಿತು, ವರ್ಷಗಳು ಕಳೆದವು. ಪತ್ರಿಕೆ ತನ್ನ ಹಳೆಯ ಸಂಚಿಕೆಗಳನ್ನು ಅಂತರ್ಜಾಲಕ್ಕೆ ಏರಿಸಿತು, ಗೂಗಲ್ ಅವನ್ನು ಓದಿಕೊಂಡಿತು. ಅಲ್ಲಿಂದ ಮುಂದೆ ಆತನ ಹೆಸರು ಹುಡುಕಿದವರಿಗೆಲ್ಲ ಆ ಹರಾಜೇ ಸಿಗತೊಡಗಿತು. ಹಳೆಯ ಪತ್ರಿಕೆ ಕಪಾಟಿನಲ್ಲಿ ಇರುವವರೆಗೆ ಅದನ್ನು ಹುಡುಕಲು ಯಾರಾದರೂ ಗ್ರಂಥಾಲಯಕ್ಕೆ ಹೋಗಬೇಕಿತ್ತು, ದಿನಾಂಕ ಗೊತ್ತಿರಬೇಕಿತ್ತು. ಆ ಶ್ರಮವೇ ಆತನಿಗೆ ರಕ್ಷಣೆಯಾಗಿತ್ತು. ಹುಡುಕುಯಂತ್ರ ಆ ರಕ್ಷಣೆಯನ್ನು ತೆಗೆದುಹಾಕಿತು.

2010ರಲ್ಲಿ ಆತ ಸ್ಪೇನಿನ ದತ್ತಾಂಶ ರಕ್ಷಣಾ ಸಂಸ್ಥೆಗೆ ದೂರು ಕೊಟ್ಟ. ಸಂಸ್ಥೆ ಕೊಟ್ಟ ಉತ್ತರ ಎರಡು ಭಾಗದ್ದು: ಪತ್ರಿಕೆ ಕಾನೂನಿನಂತೆ ಪ್ರಕಟಿಸಿದೆ, ಅದನ್ನು ಮುಟ್ಟುವಂತಿಲ್ಲ, ಗೂಗಲ್ ಮಾತ್ರ ಆ ಹೆಸರಿನ ಹುಡುಕಾಟದಿಂದ ಕೊಂಡಿಯನ್ನು ತೆಗೆಯಬೇಕು. ಗೂಗಲ್ ಮ್ಯಾಡ್ರಿಡ್‌ನ ಕೋರ್ಟಿಗೆ ಹೋಯಿತು. ಅಲ್ಲಿನ ನ್ಯಾಯಾಧೀಶರು ಮೊಕದ್ದಮೆಯನ್ನು ಅಲ್ಲಿಗೇ ನಿಲ್ಲಿಸಿ ಲಕ್ಸೆಂಬರ್ಗಿಗೆ ಪ್ರಶ್ನೆ ಬರೆದು ಕಳಿಸಿದರು.

ಈ ಪತ್ರವ್ಯವಹಾರದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಐರೋಪ್ಯ ಒಕ್ಕೂಟದ ಕಾನೂನಿಗೆ ಜೀವ ಬರುವುದೇ ಇಲ್ಲಿ. ಸಾಮಾನ್ಯ ಪ್ರಜೆ ಖಾಸಗಿ ವ್ಯಾಜ್ಯ ಹಿಡಿದು ನೇರವಾಗಿ ಲಕ್ಸೆಂಬರ್ಗಿನ ನ್ಯಾಯಾಲಯದ ಮೆಟ್ಟಿಲು ಹತ್ತುವಂತಿಲ್ಲ. ಆದರೆ ಯಾವುದೇ ಸದಸ್ಯ ದೇಶದ ನ್ಯಾಯಾಧೀಶರು, ಅವರು ಕೆಳಹಂತದ ಕೋರ್ಟಿನವರಾದರೂ ಸರಿ, ಒಕ್ಕೂಟದ ಕಾನೂನಿನ ಅರ್ಥ ತಿಳಿಸಿ ಎಂದು ಕೇಳಬಹುದು. ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ 267ನೇ ವಿಧಿ ಅದಕ್ಕೆ ಅವಕಾಶ ಕೊಡುತ್ತದೆ. ಕೊನೆಯ ಹಂತದ ಕೋರ್ಟುಗಳು ಸಂದೇಹವಿದ್ದರೆ ಕೇಳಲೇಬೇಕು. ಉತ್ತರ ಬಂದಾಗ ಅದು ಆ ಒಂದು ಕೋರ್ಟಿಗಷ್ಟೇ ಸಂದದ್ದಲ್ಲ. ಲಿಸ್ಬನ್‌ನಿಂದ ಹೆಲ್ಸಿಂಕಿವರೆಗೆ ಅದೇ ಕಾನೂನು.

2014ರ ಮೇ 13ರಂದು ಉತ್ತರ ಬಂತು. ನ್ಯಾಯಾಲಯದ ಸಲಹೆಗಾರ ಅಡ್ವೊಕೇಟ್ ಜನರಲ್ ಹಿಂದಿನ ವರ್ಷ ಗೂಗಲ್ ಪರವಾಗಿ ಅಭಿಪ್ರಾಯ ಕೊಟ್ಟಿದ್ದರು, ನ್ಯಾಯಮೂರ್ತಿಗಳು ಅದನ್ನು ಒಪ್ಪಲಿಲ್ಲ. ಹುಡುಕುಯಂತ್ರ ಬೇರೆಯವರ ಪುಟಗಳನ್ನು ತೋರಿಸುವ ಮೂಕ ಮಧ್ಯವರ್ತಿ ಅಲ್ಲ, ಹೆಸರಿನ ಸುತ್ತ ಒಬ್ಬ ಮನುಷ್ಯನ ಚಿತ್ರವನ್ನು ತಾನೇ ಕಟ್ಟುತ್ತದೆ, ಆದ್ದರಿಂದ ಹೊಣೆಯೂ ಅದರದೇ ಎಂದಿತು ನ್ಯಾಯಪೀಠ. ಅದು ಅನ್ವಯಿಸಿದ್ದು ದತ್ತಾಂಶ ರಕ್ಷಣೆಯ ಬಗ್ಗೆ ಒಕ್ಕೂಟ ಹೊರಡಿಸಿದ್ದ 1995ರ ನಿರ್ದೇಶನವನ್ನು. ಆಗ ಗೂಗಲ್ ಹುಟ್ಟಿಯೇ ಇರಲಿಲ್ಲ. ಅದೇ ತಿಂಗಳ ಕೊನೆಗೆ ಕಂಪನಿ ಒಂದು ಅರ್ಜಿ ನಮೂನೆಯನ್ನು ತೆರೆಯಿತು. ಮೊದಲ ದಿನವೇ ಸುಮಾರು 12,000 ಕೋರಿಕೆಗಳು ಬಂದವು.

ಸ್ಪೇನಿನ ದೂರುದಾರನಿಗೆ ಬಾಗಿಲು ತೆರೆದ ಆ ಕಚೇರಿಗಳ ಸರಣಿ ಶುರುವಾದದ್ದು ಪಶ್ಚಿಮ ಜರ್ಮನಿಯಲ್ಲಿ. ಹೆಸ್ಸೆ ರಾಜ್ಯದ ಆಡಳಿತ ತನ್ನ ಕಡತಗಳನ್ನು ಕಂಪ್ಯೂಟರಿಗೆ ಸೇರಿಸಲು ಹೊರಟಾಗ ಅಲ್ಲಿನ ಶಾಸನಸಭೆ 1970ರ ಅಕ್ಟೋಬರ್‌ನಲ್ಲಿ ಪ್ರಪಂಚದ ಮೊದಲ ದತ್ತಾಂಶ ರಕ್ಷಣಾ ಕಾಯ್ದೆ ಮಾಡಿತು. ಅದು ಕಂಪನಿಗಳ ಕಾಯ್ದೆಯಾಗಿರಲಿಲ್ಲ. ಸರ್ಕಾರವೇ ತನ್ನ ಕೈಗೆ ತಾನು ಹಾಕಿಕೊಂಡ ಕಟ್ಟು ಅದು, ಕಾಯಲು ಒಬ್ಬ ಸ್ವತಂತ್ರ ಆಯುಕ್ತರನ್ನೂ ನೇಮಿಸಿತು. 1973ರಲ್ಲಿ ಸ್ವೀಡನ್ ಇಡೀ ದೇಶಕ್ಕೆ ಅಂಥದೊಂದು ಕಾಯ್ದೆ ತಂದಿತು. ಯುರೋಪ್ ಮಂಡಳಿ 1981ರ ಜನವರಿ 28ರಂದು ದತ್ತಾಂಶ ರಕ್ಷಣೆಯ 108ನೇ ಒಪ್ಪಂದವನ್ನು ಸಹಿಗೆ ತೆರೆಯಿತು.

ಆದರೂ ಜನ ಈ ವಿಚಾರವನ್ನು ತಮ್ಮದೆಂದು ಹಿಡಿದದ್ದು 1983ರಲ್ಲಿ. ಪಶ್ಚಿಮ ಜರ್ಮನಿಯ ಜನಗಣತಿ ಆ ಏಪ್ರಿಲ್‌ನಲ್ಲಿ ನಡೆಯಬೇಕಿತ್ತು. ಮನೆಮನೆಯಿಂದ ತಂದ ಮಾಹಿತಿಯನ್ನು ಸ್ಥಳೀಯ ಆಡಳಿತದ ನಿವಾಸಿಗಳ ನೋಂದಣಿ ಪುಸ್ತಕ ತಿದ್ದಲು ಬಳಸಬಹುದು ಎಂಬ ಕಲಮು ಗಣತಿ ಕಾಯ್ದೆಯಲ್ಲಿತ್ತು. ನಾಜಿ ಕಾಲದ ನೋಂದಣಿ ಪುಸ್ತಕಗಳು ಏನು ಮಾಡಿದವು ಎಂಬುದನ್ನು ಕಂಡವರು ಇನ್ನೂ ಬದುಕಿದ್ದ ದೇಶ ಅದು. ಸಾವಿರಕ್ಕೂ ಮಿಕ್ಕಿ ದೂರುಗಳು ಕಾರ್ಲ್ಸ್‌ರೂಹದ ಸಾಂವಿಧಾನಿಕ ನ್ಯಾಯಾಲಯಕ್ಕೆ ಬಂದವು. ಗಣತಿಗೆ ಎರಡು ವಾರ ಇರುವಾಗ ತಡೆಯಾಜ್ಞೆ ಬಿತ್ತು. ಡಿಸೆಂಬರ್ 15ರ ತೀರ್ಪು, ತನ್ನ ಮಾಹಿತಿಯ ಬಗ್ಗೆ ತಾನೇ ನಿರ್ಧರಿಸುವ ಹಕ್ಕು ಮನುಷ್ಯನ ಘನತೆಯಿಂದಲೇ ಬರುತ್ತದೆ ಎಂದು ಸಾರಿತು. ಜರ್ಮನಿಯ ಮೂಲಭೂತ ಕಾನೂನಿನಲ್ಲಿ ದತ್ತಾಂಶ ಎಂಬ ಮಾತಿಲ್ಲ. 1949ರಲ್ಲಿ ಅದನ್ನು ಬರೆದವರ ಮುಂದೆ ಕಂಪ್ಯೂಟರ್ ಇರಲಿಲ್ಲ. ಇದ್ದದ್ದು ಘನತೆ ಮತ್ತು ವ್ಯಕ್ತಿತ್ವದ ಕಲಮುಗಳು. ನ್ಯಾಯಮೂರ್ತಿಗಳಿಗೆ ಅಷ್ಟು ಸಾಕಾಯಿತು. ಅವರು ಗಣತಿಯನ್ನೇ ಬೇಡವೆನ್ನಲಿಲ್ಲ ಎಂಬುದನ್ನೂ ಗಮನಿಸಬೇಕು. ಅಂಕಿಅಂಶಕ್ಕಾಗಿ ಕೇಳಿದ್ದನ್ನು ಆಡಳಿತದ ಬೇರೆ ಕೆಲಸಕ್ಕೆ ಹರಿಯಬಿಡಬೇಡಿ ಎಂದರು. ಕಾಯ್ದೆ ತಿದ್ದಿದ ಮೇಲೆ 1987ರಲ್ಲಿ ಗಣತಿ ನಡೆಯಿತು.

ಒಂದು ದೇಶದ ನ್ಯಾಯಾಲಯ ಹೇಳಿದ್ದು ಇಡೀ ಖಂಡಕ್ಕೆ ಹರಡಲು ಸಮಯ ಹಿಡಿಯಿತು. 2009ರ ಡಿಸೆಂಬರ್ 1ರಿಂದ ಒಕ್ಕೂಟದ ಮೂಲಭೂತ ಹಕ್ಕುಗಳ ಸನದಿಗೆ ಕಾನೂನಿನ ಬಲ ಬಂತು. ಅದರ 7ನೇ ವಿಧಿ ಖಾಸಗಿ ಬದುಕನ್ನು ಕಾಯುತ್ತದೆ. 8ನೇ ವಿಧಿ ವೈಯಕ್ತಿಕ ಮಾಹಿತಿಯನ್ನು ಪ್ರತ್ಯೇಕ ಹಕ್ಕಾಗಿ ಹೆಸರಿಸುತ್ತದೆ, ಅದನ್ನು ಸ್ವತಂತ್ರ ಪ್ರಾಧಿಕಾರವೇ ಕಾಯಬೇಕು ಎಂದೂ ಹೇಳುತ್ತದೆ. ಆ ‘ಸ್ವತಂತ್ರ’ ಎಂಬುದನ್ನು ಲಕ್ಸೆಂಬರ್ಗ್ ಕಟ್ಟುನಿಟ್ಟಾಗಿ ಓದಿದೆ. 2010ರಲ್ಲಿ, ಖಾಸಗಿ ವಲಯವನ್ನು ನೋಡಿಕೊಳ್ಳುವ ಪ್ರಾಧಿಕಾರಗಳನ್ನು ಸರ್ಕಾರದ ಉಸ್ತುವಾರಿಯಲ್ಲಿ ಇಟ್ಟದ್ದಕ್ಕಾಗಿ ಜರ್ಮನಿಯನ್ನೇ ತಪ್ಪಿತಸ್ಥ ಎಂದಿತು. 2014ರ ಏಪ್ರಿಲ್ 8ರಂದು, ಆಯುಕ್ತರ ಅವಧಿಯನ್ನು ಮಧ್ಯದಲ್ಲೇ ಕತ್ತರಿಸಿದ್ದಕ್ಕಾಗಿ ಹಂಗೇರಿಯನ್ನು ತಪ್ಪಿತಸ್ಥ ಎಂದಿತು. ಅದೇ ದಿನದ ಇನ್ನೊಂದು ತೀರ್ಪು ಇದಕ್ಕಿಂತ ಹೆಚ್ಚು ಹೆಸರಾಯಿತು. ಎಲ್ಲ ಪ್ರಜೆಗಳ ಫೋನ್ ಮತ್ತು ಅಂತರ್ಜಾಲ ಬಳಕೆಯ ವಿವರಗಳನ್ನು ಆರು ತಿಂಗಳಿಂದ ಎರಡು ವರ್ಷದವರೆಗೆ ಕೂಡಿಡಬೇಕೆಂದು ಒಕ್ಕೂಟವೇ 2006ರಲ್ಲಿ ಹೊರಡಿಸಿದ್ದ ನಿರ್ದೇಶನವನ್ನು ಅದು ರದ್ದು ಮಾಡಿತು. ಆ ಪ್ರಶ್ನೆಯನ್ನು ಲಕ್ಸೆಂಬರ್ಗಿಗೆ ತಂದವರಲ್ಲಿ ಐರ್ಲೆಂಡಿನ ಒಂದು ಪುಟ್ಟ ನಾಗರಿಕ ಸಂಸ್ಥೆಯಿತ್ತು, ಆಸ್ಟ್ರಿಯಾದಿಂದ ಒಟ್ಟಾಗಿ ಅರ್ಜಿ ಹಾಕಿದ 11,000ಕ್ಕೂ ಹೆಚ್ಚು ಜನರಿದ್ದರು.

ಇನ್ನು ಮ್ಯಾಕ್ಸ್ ಶ್ರೆಮ್ಸ್. ಈ ಉಪನ್ಯಾಸದ ನಡುಗಂಬ ಇವರೇ.

ವಿಯೆನ್ನಾದ ಈ ಕಾನೂನು ವಿದ್ಯಾರ್ಥಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದಿ ಬಂದವರು. 2011ರಲ್ಲಿ ಫೇಸ್‌ಬುಕ್ಕಿಗೆ ಬರೆದು, ನನ್ನ ಬಗ್ಗೆ ನಿಮ್ಮಲ್ಲಿ ಇರುವುದನ್ನೆಲ್ಲ ಕೊಡಿ ಎಂದು ಕೇಳಿದರು. ಯುರೋಪಿನ ಕಾನೂನು ಕೊಟ್ಟ ಹಕ್ಕು ಅದು. ಬಂದದ್ದು ಸುಮಾರು 1,200 ಪುಟ. ತಾವು ಅಳಿಸಿದ್ದೇವೆ ಎಂದುಕೊಂಡಿದ್ದ ಸಂಗತಿಗಳೂ ಅದರಲ್ಲಿದ್ದವು. ಫೇಸ್‌ಬುಕ್ಕಿನ ಯುರೋಪ್ ಕಚೇರಿ ಡಬ್ಲಿನ್‌ನಲ್ಲಿ ಇದ್ದುದರಿಂದ ದೂರುಗಳು ಐರ್ಲೆಂಡಿನ ಆಯುಕ್ತರಿಗೆ ಹೋದವು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಗುಪ್ತಚರ ಸಂಸ್ಥೆಗಳ ಬೇಹುಗಾರಿಕೆಯನ್ನು ಬಯಲಿಗೆ ತಂದಾಗ ಶ್ರೆಮ್ಸ್ ಇನ್ನೊಂದು ದೂರು ಕೊಟ್ಟರು: ನನ್ನ ಮಾಹಿತಿ ಅಮೆರಿಕಕ್ಕೆ ಹೋಗುತ್ತಿದೆ, ಅಲ್ಲಿ ಅದಕ್ಕೆ ರಕ್ಷಣೆ ಇಲ್ಲ, ಕಳಿಸುವುದನ್ನು ನಿಲ್ಲಿಸಿ.

ಆಯುಕ್ತರು ವಿಚಾರಣೆ ಮಾಡಲು ಒಪ್ಪಲಿಲ್ಲ. ದೂರು ಕ್ಷುಲ್ಲಕ ಎಂಬ ವರ್ಗಕ್ಕೆ ಸೇರಿತು. ಐರಿಷ್ ಕಾಯ್ದೆಯ ಭಾಷೆಯಲ್ಲಿ ಅದರ ಅರ್ಥ, ಕಾನೂನಿನ ಮುಂದೆ ನಿಲ್ಲಲಾರದ್ದು ಎಂದು. ಯುರೋಪ್ ಮತ್ತು ಅಮೆರಿಕದ ನಡುವೆ 2000ದಲ್ಲೇ ‘ಸೇಫ್ ಹಾರ್ಬರ್’ ಎಂಬ ಏರ್ಪಾಡು ಆಗಿದೆ, ಅದಕ್ಕೆ ಐರೋಪ್ಯ ಆಯೋಗದ ಮುದ್ರೆ ಇದೆ, ಅದನ್ನು ಪ್ರಶ್ನಿಸುವ ಅಧಿಕಾರ ತಮಗಿಲ್ಲ ಎಂಬುದು ಆಯುಕ್ತರ ನಿಲುವು. ಶ್ರೆಮ್ಸ್ ಡಬ್ಲಿನ್‌ನ ಹೈಕೋರ್ಟಿಗೆ ಹೋದರು, ಹೈಕೋರ್ಟ್ ಲಕ್ಸೆಂಬರ್ಗಿಗೆ ಬರೆಯಿತು. 2015ರ ಅಕ್ಟೋಬರ್ 6ರಂದು ಲಕ್ಸೆಂಬರ್ಗ್ ಸೇಫ್ ಹಾರ್ಬರ್ ಅನ್ನೇ ರದ್ದು ಮಾಡಿತು. ಕ್ಷುಲ್ಲಕ ಎನಿಸಿಕೊಂಡ ಒಂದು ದೂರಿನಿಂದ 4,000ಕ್ಕೂ ಹೆಚ್ಚು ಅಮೆರಿಕನ್ ಕಂಪನಿಗಳು ಒರಗಿಕೊಂಡಿದ್ದ ಏರ್ಪಾಡು ಹೋಯಿತು. 2016ರಲ್ಲಿ ಅದರ ಜಾಗಕ್ಕೆ ‘ಪ್ರೈವೆಸಿ ಶೀಲ್ಡ್’ ಬಂತು. ಶ್ರೆಮ್ಸ್ ಬಿಡಲಿಲ್ಲ. 2020ರ ಜುಲೈ 16ರಂದು ಅದೂ ರದ್ದಾಯಿತು. ಮೂರನೆಯ ಏರ್ಪಾಡು 2023ರ ಜುಲೈನಲ್ಲಿ ಜಾರಿಗೆ ಬಂದಿದೆ.

ಈ ನಡುವೆ 2018ರ ಮೇ 25ರಿಂದ ಜಿಡಿಪಿಆರ್ ಎಂದು ಹೆಸರಾದ ಹೊಸ ದತ್ತಾಂಶ ರಕ್ಷಣಾ ನಿಯಮಾವಳಿ ಒಕ್ಕೂಟದಾದ್ಯಂತ ಅನ್ವಯವಾಯಿತು. ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇ 4ರವರೆಗೆ, ಯಾವುದು ಹೆಚ್ಚೋ ಅದು. ಪತ್ರಿಕೆಗಳು ಈ ದಂಡದ ಬಗ್ಗೆಯೇ ಬರೆದವು. ಅದಕ್ಕಿಂತ ದೊಡ್ಡದು ಅದರ 77, 80 ಮತ್ತು 82ನೇ ವಿಧಿಗಳು. ಪ್ರಜೆ ತಾನು ವಾಸಿಸುವ ದೇಶದ ಪ್ರಾಧಿಕಾರಕ್ಕೇ ದೂರು ಕೊಡಬಹುದು. ತನ್ನ ಪರವಾಗಿ ಲಾಭರಹಿತ ಸಂಸ್ಥೆಯೊಂದು ಹೋರಾಡಬಹುದು. ನಷ್ಟವಾಗಿದ್ದರೆ ಪರಿಹಾರ ಪಡೆಯಬಹುದು. ವಿದ್ಯಾರ್ಥಿಯೊಬ್ಬ ವರ್ಷಗಟ್ಟಲೆ ಡಬ್ಲಿನ್‌ಗೆ ಅಲೆದು ಗಳಿಸಿದ ಅನುಭವದ ಗುರುತು ಈ ವಿಧಿಗಳಲ್ಲಿ ಕಾಣುತ್ತದೆ. 2023ರ ಮೇ ತಿಂಗಳಲ್ಲಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ ಫೇಸ್‌ಬುಕ್ಕಿನ ಒಡೆತನದ ಮೆಟಾ ಕಂಪನಿಗೆ 120 ಕೋಟಿ ಯೂರೋ ದಂಡ ಹಾಕಿತು. ಐರ್ಲೆಂಡಿನ ಕರಡಿನಲ್ಲಿ ದಂಡವೇ ಇರಲಿಲ್ಲ. ಎಲ್ಲ ದೇಶಗಳ ಪ್ರಾಧಿಕಾರಗಳು ಕೂಡಿದ ಐರೋಪ್ಯ ದತ್ತಾಂಶ ರಕ್ಷಣಾ ಮಂಡಳಿ, ಹಾಕಲೇಬೇಕು ಎಂದು ಕಟ್ಟಪ್ಪಣೆ ಮಾಡಿದ ಮೇಲೆ ಹಾಕಿದ್ದು. ಒಂದು ದೇಶದ ಕಾವಲುಗಾರ ಮೆತ್ತಗಾದರೆ ಮೇಲಿನವರು ಎಚ್ಚರಿಸುವ ಇಂಥ ವ್ಯವಸ್ಥೆಯೇ ಒಕ್ಕೂಟದ ಕಾನೂನಿನ ನಿಜವಾದ ಶಕ್ತಿ.

ಆ ಶಕ್ತಿಗೂ ಗಡಿ ಇದೆ. 2000ದಲ್ಲಿ ಪ್ಯಾರಿಸ್ಸಿನ ನ್ಯಾಯಾಧೀಶರೊಬ್ಬರು ನಾಜಿ ವಸ್ತುಗಳ ಹರಾಜು ಪುಟ ಫ್ರಾನ್ಸಿನವರಿಗೆ ಕಾಣಬಾರದು ಎಂದು ಯಾಹೂ ಕಂಪನಿಗೆ ಆಜ್ಞಾಪಿಸಿದಾಗ ಕಂಪನಿ ಅದು ಅಸಾಧ್ಯ ಎಂದಿತು. ನ್ಯಾಯಾಲಯ ನೇಮಿಸಿದ ತಜ್ಞರು, ಫ್ರೆಂಚ್ ಬಳಕೆದಾರರಲ್ಲಿ ಸುಮಾರು ಶೇ 70ರಷ್ಟು ಮಂದಿಯನ್ನು ಗುರುತಿಸಬಹುದು ಎಂದು ವರದಿ ಕೊಟ್ಟರು. ಅಂತರ್ಜಾಲಕ್ಕೆ ಗಡಿಗಳಿಲ್ಲ ಎಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಹತ್ತೊಂಬತ್ತು ವರ್ಷಗಳ ನಂತರ, 2019ರ ಸೆಪ್ಟೆಂಬರ್‌ನಲ್ಲಿ, ಮರೆಯಲ್ಪಡುವ ಹಕ್ಕನ್ನು ಇಡೀ ಪ್ರಪಂಚದ ಗೂಗಲ್‌ಗೆ ವಿಸ್ತರಿಸಬೇಕೆಂದು ಫ್ರಾನ್ಸಿನ ಪ್ರಾಧಿಕಾರ ಕೇಳಿದಾಗ ಲಕ್ಸೆಂಬರ್ಗ್ ಒಪ್ಪಲಿಲ್ಲ. ಒಕ್ಕೂಟದ ಕಾನೂನು ಅಷ್ಟು ದೂರ ಕೇಳುವುದಿಲ್ಲ ಎಂದಿತು. ಇದು ಸರಿಯಾದ ಸಂಯಮ. ಯುರೋಪ್ ತನ್ನ ನಿಯಮವನ್ನು ಜಗತ್ತಿಗೆಲ್ಲ ಹಾಕಬಹುದಾದರೆ ನಾಳೆ ಯಾವ ಸರ್ವಾಧಿಕಾರಿ ಬೇಕಾದರೂ ಹಾಕಬಹುದು.

ಭಾರತದ ಕಥೆಯ ಮುಖ್ಯ ಅರ್ಜಿದಾರರು ಕನ್ನಡ ನಾಡಿನವರು. ಕೆ. ಎಸ್. ಪುಟ್ಟಸ್ವಾಮಿ 1926ರಲ್ಲಿ ಹುಟ್ಟಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲೂ ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜಿನಲ್ಲೂ ಓದಿ 1952ರಲ್ಲಿ ವಕೀಲರಾದರು. 1977ರಿಂದ 1986ರವರೆಗೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದರು. ನಿವೃತ್ತಿಯಾಗಿ ಕಾಲು ಶತಮಾನ ಕಳೆದ ಮೇಲೆ, 86ನೆಯ ವಯಸ್ಸಿನಲ್ಲಿ, 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಧಾರ್ ಯೋಜನೆ ಆಗ ನಿಂತಿದ್ದುದು 2009ರ ಒಂದು ಸರ್ಕಾರಿ ಅಧಿಸೂಚನೆಯ ಮೇಲೆ. ಅದಕ್ಕೆಂದು ತಂದ ಮಸೂದೆಯನ್ನು ಸಂಸತ್ತಿನ ಸ್ಥಾಯಿ ಸಮಿತಿ 2011ರ ಡಿಸೆಂಬರ್‌ನಲ್ಲಿ ಒಪ್ಪಿರಲಿಲ್ಲ. ಆದರೂ ಜನರ ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಸಂಗ್ರಹ ನಡೆದೇ ಇತ್ತು. ಕಾನೂನಿಲ್ಲದೆ ಇದನ್ನು ಹೇಗೆ ಮಾಡುತ್ತೀರಿ ಎಂಬುದು ಪುಟ್ಟಸ್ವಾಮಿಯವರ ಸರಳ ಪ್ರಶ್ನೆ. ಆಧಾರ್‌ನ ರೂವಾರಿ ನಂದನ್ ನಿಲೇಕಣಿ ಬೆಂಗಳೂರಿನವರು, ಅದನ್ನು ಪ್ರಶ್ನಿಸಿದವರೂ ಬೆಂಗಳೂರಿನವರು ಎಂಬುದು ಈ ಊರು ನೆನಪಿಡಬೇಕಾದ ಸಂಗತಿ.

ಸಂವಿಧಾನದ 32ನೇ ವಿಧಿ ಈ ಹಿರಿಯರಿಗೆ ಕೊಟ್ಟದ್ದು ಲಕ್ಸೆಂಬರ್ಗಿನ ನ್ಯಾಯಾಲಯದ ಮುಂದೆ ಯುರೋಪಿನ ಪ್ರಜೆಗೆ ಇಲ್ಲದ ಭಾಗ್ಯ. ಯಾವ ಆಯುಕ್ತರ ಬಾಗಿಲನ್ನೂ ತಟ್ಟದೆ, ಯಾರೂ ಪ್ರಶ್ನೆ ಬರೆದು ಕಳಿಸಲೆಂದು ಕಾಯದೆ, ಅವರು ನೇರವಾಗಿ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಹೋದರು. 2013ರ ಸೆಪ್ಟೆಂಬರ್ 23ರಂದು, ಆಧಾರ್ ಇಲ್ಲವೆಂದು ಯಾರಿಗೂ ತೊಂದರೆಯಾಗಬಾರದು ಎಂಬ ಮಧ್ಯಂತರ ಆದೇಶ ಬಂತು. 2015ರಲ್ಲಿ ಕೇಂದ್ರ ಸರ್ಕಾರ ಎದ್ದು ನಿಂತು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದಿತು. 1954ರ ಎಂಟು ನ್ಯಾಯಮೂರ್ತಿಗಳ ತೀರ್ಪನ್ನೂ 1962ರ ಆರು ನ್ಯಾಯಮೂರ್ತಿಗಳ ತೀರ್ಪನ್ನೂ ಆಧಾರವಾಗಿ ಮುಂದಿಟ್ಟಿತು. ಅವನ್ನು ಮೀರಬೇಕಾದರೆ ಒಂಬತ್ತು ಮಂದಿ ಕೂರಬೇಕಿತ್ತು. ಕೂತರು. ಮೂಡುಬಿದಿರೆ ಸೀಮೆಯಿಂದ ಹೋದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಆ ಪೀಠದಲ್ಲಿದ್ದರು.

2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ತಮ್ಮ ಬರಹದಲ್ಲಿ ತಂದೆ ವೈ. ವಿ. ಚಂದ್ರಚೂಡ್ ಪಾಲುಗೊಂಡಿದ್ದ 1976ರ ತುರ್ತು ಪರಿಸ್ಥಿತಿಯ ತೀರ್ಪನ್ನು ತಪ್ಪೆಂದು ತಳ್ಳಿಹಾಕಿದರು. ಸರ್ಕಾರ ಖಾಸಗಿ ಬದುಕಿನೊಳಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಹಾಕುವ ಕೈ ಉದ್ದೇಶಕ್ಕೆ ತಕ್ಕಷ್ಟೇ ಉದ್ದ ಇರಬೇಕು ಎಂಬ ಅಳತೆ ಅಲ್ಲಿಂದ ನೆಲೆಗೊಂಡಿತು. ಮುಂದಿನ ವರ್ಷ ಸೆಪ್ಟೆಂಬರ್ 26ರಂದು ಆಧಾರ್ ಕಾಯ್ದೆಯನ್ನು ನಾಲ್ವರು ಎತ್ತಿಹಿಡಿದರು, ಚಂದ್ರಚೂಡ್ ಒಬ್ಬರೇ ಭಿನ್ನಮತ ಬರೆದರು. ಆದರೆ ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ 57ನೇ ಕಲಮಿನ ಭಾಗ ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅರ್ಜಿಯ ದೊಡ್ಡ ಪ್ರಶ್ನೆಯನ್ನು ಅವರು ಗೆದ್ದರು, ಆಧಾರ್ ಉಳಿಯಿತು. ಆದರೆ 2017ರ ತೀರ್ಪಿನ ನಂತರ ಈ ದೇಶದಲ್ಲಿ ಖಾಸಗಿತನದ ಬಗ್ಗೆ ಬರೆದ ತೀರ್ಪುಗಳಲ್ಲೆಲ್ಲ ಅವರ ಹೆಸರು ಬರುತ್ತದೆ.

ತೀರ್ಪು ಬಂದ ಮಾತ್ರಕ್ಕೆ ಠಾಣೆಯವರೆಗೆ ಅದು ಮುಟ್ಟುವುದಿಲ್ಲ. ಅದಕ್ಕೆ ಅಂತರ್ಜಾಲದಲ್ಲಿ ಆಕ್ಷೇಪಾರ್ಹ ಬರಹ ಹಾಕಿದವರನ್ನು ಶಿಕ್ಷಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನ ಗತಿಯೇ ಸಾಕ್ಷಿ. ಶ್ರೇಯಾ ಸಿಂಘಾಲ್ ಎಂಬ ಕಾನೂನು ವಿದ್ಯಾರ್ಥಿನಿಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು. 2021ರಲ್ಲಿ ನೋಡಿದರೆ ಸತ್ತ ಕಲಮಿನಡಿ ಪೊಲೀಸರು ಇನ್ನೂ ಮೊಕದ್ದಮೆ ಹೂಡುತ್ತಲೇ ಇದ್ದರು. ನ್ಯಾಯಾಲಯ ಆಘಾತ ವ್ಯಕ್ತಪಡಿಸಬೇಕಾಯಿತು.

ದೂರು ಕೊಡಬೇಕಾದವರೇ ಕೋಣೆಯ ಹೊರಗೆ ಉಳಿಯುವ ಪ್ರಸಂಗಗಳೂ ಇವೆ. ಪೋಸ್ಟುಗಳನ್ನು ತಡೆಹಿಡಿಯುವ ಸರ್ಕಾರದ ಆದೇಶಗಳನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ 2009ರ ನಿಯಮ. ಅಂಥ ಆದೇಶಗಳನ್ನು ಟ್ವಿಟರ್ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದಾಗ 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಬರಹ ತೆಗೆಯಲು ಸರ್ಕಾರ ವೇದಿಕೆಗಳಿಗೆ ಸೂಚನೆ ಕಳಿಸುವ ‘ಸಹಯೋಗ್’ ಪೋರ್ಟಲ್ ವಿರುದ್ಧ ಅದೇ ಕಂಪನಿ, ಈಗ ಎಕ್ಸ್ ಎಂಬ ಹೆಸರಿನಲ್ಲಿ, ತಂದ ಅರ್ಜಿಯನ್ನು 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾ ಮಾಡಿದರು. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರದ್ದು, ವಿದೇಶಿ ಕಂಪನಿಯದ್ದಲ್ಲ ಎಂಬುದು ತೀರ್ಪಿನ ಒಂದು ಕಾರಣ. ಒಪ್ಪತಕ್ಕ ಮಾತು. ಆದರೆ ಹಾಗಾದರೆ ಆ ನಾಗರಿಕರಿಗೆ ಹೇಳುವವರು ಯಾರು? ಯಾರ ಬರಹ ಹೋಯಿತೋ ಅವರಿಗೆ ಆದೇಶದ ಪ್ರತಿ ಸಿಗದಿದ್ದರೆ ಅವರು ಏನನ್ನು ಹಿಡಿದುಕೊಂಡು ಕೋರ್ಟಿಗೆ ಬರಬೇಕು? ಯುರೋಪಿನಲ್ಲಿ 2024ರ ಫೆಬ್ರುವರಿ 17ರಿಂದ ಪೂರ್ತಿ ಜಾರಿಯಾದ ಡಿಜಿಟಲ್ ಸೇವಾ ಕಾಯ್ದೆ, ಬರಹ ತೆಗೆದರೆ ಬರೆದವರಿಗೆ ಕಾರಣ ಕೊಡಿ ಎಂದು ವೇದಿಕೆಗಳಿಗೆ ಹೇಳುತ್ತದೆ, ಮೇಲ್ಮನವಿಗೆ ದಾರಿಯನ್ನೂ ಮಾಡುತ್ತದೆ. ಈ ಒಂದು ವ್ಯತ್ಯಾಸವನ್ನು ಸರಿಪಡಿಸಲು ಭಾರತಕ್ಕೆ ಹೊಸ ತತ್ತ್ವ ಬೇಕಿಲ್ಲ; ಆದೇಶದ ಒಂದು ಪ್ರತಿ ಕೊಡುವ ನಿಯಮ ಸಾಕು.

ಇನ್ನು ನಮ್ಮ ದತ್ತಾಂಶ ಕಾಯ್ದೆ. ಪುಟ್ಟಸ್ವಾಮಿ ತೀರ್ಪಿನ ಮುನ್ನಾ ತಿಂಗಳು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿ ರಚನೆಯಾಯಿತು. 2018ರ ಜುಲೈನಲ್ಲಿ ಅದು ಕರಡು ಕೊಟ್ಟಿತು. 2019ರಲ್ಲಿ ಬೇರೊಂದು ಮಸೂದೆ ಬಂತು, 2022ರ ಆಗಸ್ಟ್‌ನಲ್ಲಿ ಹಿಂದಕ್ಕೆ ಹೋಯಿತು. 2023ರ ಆಗಸ್ಟ್ 11ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿಗೆ. ಆದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬದಲಿಸಿ, ವೈಯಕ್ತಿಕ ಮಾಹಿತಿ ಎಂದ ಕೂಡಲೇ ಅಧಿಕಾರಿ ಕೊಡದಿರಬಹುದು ಎಂದು ಮಾಡಿದ ಭಾಗ ಮಾತ್ರ ಆ ನವೆಂಬರ್‌ನಲ್ಲೇ ಜಾರಿಗೆ ಬಂತು. ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ 8(2) ಉಳಿದಿದೆ ನಿಜ. ಆದರೂ ಜನರನ್ನು ಕಾಯುವ ಭಾಗ ಕಾಯುತ್ತ ನಿಂತಿದೆ, ಸರ್ಕಾರದ ಕಡತ ಕಾಯುವ ಭಾಗ ಮುಂದೆ ಹೋಗಿದೆ. ಈ ಕ್ರಮ ತಪ್ಪು.

ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಯ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರ. ಅವಧಿ ಎರಡು ವರ್ಷ, ಮರುನೇಮಕಕ್ಕೆ ಅವಕಾಶವಿದೆ. ಶ್ರೀಕೃಷ್ಣ ಸಮಿತಿಯ ಕರಡಿನಲ್ಲಿ ಆಯ್ಕೆ ಸಮಿತಿಗೆ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದ ನ್ಯಾಯಮೂರ್ತಿ ಮುಖ್ಯಸ್ಥರಾಗಿದ್ದರು. ಕೊನೆಯ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಸರ್ಕಾರದ ಯಾವುದೇ ಅಂಗವನ್ನು ಅಧಿಸೂಚನೆಯೊಂದರಿಂದ ಕಾಯ್ದೆಯ ಹೊರಗಿಡಲು 17ನೇ ಕಲಮು ಅನುಮತಿಸುತ್ತದೆ. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆದರೆ ಆ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ. ನಷ್ಟವಾದ ಪ್ರಜೆಗೆ ಪರಿಹಾರ ಕೇಳಲು ಇದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಹಳೆಯ 43ಎ ಕಲಮನ್ನೂ ಈ ಕಾಯ್ದೆ ತೆಗೆಯುತ್ತದೆ.

ಎಲ್ಲಕ್ಕಿಂತ ಆತಂಕ ಹುಟ್ಟಿಸುವುದು 15ನೇ ಕಲಮು. ಪ್ರಜೆಯ ಕರ್ತವ್ಯಗಳ ಪಟ್ಟಿ ಅದು. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಡಬಾರದು ಎಂಬುದು ಆ ಪಟ್ಟಿಯಲ್ಲಿದೆ, ತಪ್ಪಿದರೆ 10,000 ರೂಪಾಯಿವರೆಗೆ ದಂಡ. ಬೇಕೆಂದೇ ಸುಳ್ಳು ದೂರು ಕೊಡುವವರನ್ನು ತಡೆಯುವುದು ಬೇರೆ. ಕ್ಷುಲ್ಲಕ ಎಂಬುದನ್ನು ಅಳೆಯುವುದು ಹೇಗೆ? 2013ರ ಡಬ್ಲಿನ್‌ನಲ್ಲಿ ಇಂಥದೇ ದಂಡವಿದ್ದಿದ್ದರೆ ಆ ವಿದ್ಯಾರ್ಥಿ ಎರಡನೆಯ ಹೆಜ್ಜೆ ಇಡುತ್ತಿದ್ದರೇ? ಕಲಬುರಗಿಯ ದಿನಗೂಲಿಯವರು, ಸಾಲದ ಆ್ಯಪ್ ತನ್ನ ಫೋನಿನ ಹೆಸರುಗಳನ್ನೆಲ್ಲ ಎತ್ತಿಕೊಂಡಿದೆ ಎಂದು ದೂರು ಬರೆಯಲು ಕೂತಾಗ, ಈ 10,000 ರೂಪಾಯಿ ಅವರ ಕಣ್ಣ ಮುಂದೆ ಇರುತ್ತದೆ. 250 ಕೋಟಿಯ ಭಯ ಕಂಪನಿಗೆ ಎಷ್ಟೋ, ಈ ಭಯ ಅವರಿಗೆ ಅದಕ್ಕಿಂತ ದೊಡ್ಡದು. ಸಂಸತ್ತು ಆ ಒಂದು ಪದವನ್ನು ತೆಗೆಯಬೇಕು.

ಮರೆಯಲ್ಪಡುವ ಹಕ್ಕಿನ ಗತಿಯೂ ಭಾರತದಲ್ಲಿ ಅನಿಶ್ಚಿತವಾಗಿಯೇ ಇದೆ. ಹೈಕೋರ್ಟುಗಳು ಒಂದೊಂದು ದಿಕ್ಕಿಗೆ ಹೋಗಿವೆ. ತೀರ್ಪೊಂದನ್ನು ‘ಇಂಡಿಯನ್ ಕಾನೂನ್’ ತಾಣದಿಂದ ತೆಗೆಯಬೇಕೆಂಬ ಮದ್ರಾಸ್ ಹೈಕೋರ್ಟಿನ ಆದೇಶಕ್ಕೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತಡೆ ಕೊಟ್ಟಿತು. ತೆರೆದ ನ್ಯಾಯಾಲಯದ ತೀರ್ಪು ಎಲ್ಲರ ಆಸ್ತಿ, ಅದನ್ನು ಅಳಿಸಿದರೆ ನಾಳಿನ ವಕೀಲರಿಗೂ ಇತಿಹಾಸಕಾರರಿಗೂ ನಷ್ಟ ಎಂಬ ಮಾತಿನಲ್ಲಿ ತೂಕವಿದೆ. 2017ರ ಕರ್ನಾಟಕದ ಆದೇಶ ತೀರ್ಪನ್ನು ಉಳಿಸಿ ಹೆಸರನ್ನಷ್ಟೇ ಮರೆಮಾಡಿತು. ಎರಡೂ ಹಿತಗಳನ್ನು ಉಳಿಸುವ ದಾರಿ ಅದರಲ್ಲೇ ಇದೆ.

ಮತ್ತೆ ದತ್ತಾಂಶ ಕಾಯ್ದೆಗೆ ಬಂದರೆ, ಅದರಲ್ಲಿ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ಒಳ್ಳೆಯ ಕಲಮಿದೆ, ಅದರ ಬಗ್ಗೆ ಚರ್ಚೆ ಸಾಲದು. ಮಾಹಿತಿ ಕೇಳುವ ಕಂಪನಿ, ಏನನ್ನು ಏತಕ್ಕೆ ತೆಗೆದುಕೊಳ್ಳುತ್ತಿದೆ ಎಂಬ ಸೂಚನೆಯನ್ನೂ ಒಪ್ಪಿಗೆ ಪತ್ರವನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಪ್ರಜೆ ಬಯಸಿದ ಭಾಷೆಯಲ್ಲಿ ಕೊಡಬೇಕು ಎನ್ನುತ್ತವೆ 5 ಮತ್ತು 6ನೇ ಕಲಮುಗಳು. ಬ್ಯಾಂಕಿನ ಆ್ಯಪ್, ಆಸ್ಪತ್ರೆಯ ನೋಂದಣಿ, ಶಾಲೆಯ ಪೋರ್ಟಲ್, ಎಲ್ಲಕ್ಕೂ ಇದು ಅನ್ವಯ. ಕನ್ನಡದಲ್ಲಿ ಸೂಚನೆ ಕೊಡದೆ ಪಡೆದ ಒಪ್ಪಿಗೆಯನ್ನು ಪ್ರಶ್ನಿಸಲು ಇದು ಆಧಾರ. ಆದರೆ ಕೇಳದೆ ಯಾರೂ ಕೊಡುವುದಿಲ್ಲ. ದೂರು ಮೊದಲು ಕಂಪನಿಗೆ ಹೋಗಬೇಕು, ಅಲ್ಲಿ ಪರಿಹಾರವಾಗದಿದ್ದರೆ ಮಂಡಳಿಗೆ, ಅಲ್ಲಿಂದ ದೆಹಲಿಯ ದೂರಸಂಪರ್ಕ ಮೇಲ್ಮನವಿ ನ್ಯಾಯಮಂಡಳಿಗೆ. ಮೊದಲ ಎರಡು ಹಂತಕ್ಕೆ ವಕೀಲರ ಅಗತ್ಯ ಬೀಳದಂತೆ ಮಾಡಬಹುದು. ಕನ್ನಡದಲ್ಲಿ ಸೂಚನೆ ಕೇಳುವ ಪತ್ರ, ನನ್ನ ಮಾಹಿತಿಯ ವಿವರ ಕೊಡಿ ಎಂಬ ಕೋರಿಕೆ, ಒಪ್ಪಿಗೆ ಹಿಂಪಡೆಯುವ ಪತ್ರ, ಮಂಡಳಿಗೆ ದೂರು, ಈ ನಾಲ್ಕರ ಮಾದರಿಗಳನ್ನು ಕನ್ನಡದಲ್ಲಿ ತಯಾರಿಸಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಲ್ಲೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲೂ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕಾನೂನು ಕಾಲೇಜುಗಳ ವಿದ್ಯಾರ್ಥಿಗಳೇ ಅದನ್ನು ಮಾಡಬಲ್ಲರು. ಅದಕ್ಕೆ 2027ರ ಮೇವರೆಗೆ ಸಮಯವಿದೆ.